ಐದು ಜನ, ಒಂದು ಗೀಸರ್: ನಮ್ಮನೆಯ ಸ್ಪಾ ಪಾರ್ಟಿ

ಸ್ಪಾಗೆ ಹೋದರೆ ಒಬ್ಬೊಬ್ಬರನ್ನು ಒಂದೊಂದು ರೂಮಿಗೆ ಕಳಿಸಿಬಿಡುತ್ತಾರೆ. ಮತ್ತೆ ಹರಟೆ ಹೊಡೆಯೋದು ಯಾವಾಗ? ಅದಕ್ಕೇ ಗೆಳತಿಯರನ್ನು ನಮ್ಮನೆಗೇ ಕರೆದೆ.

ಮೊದಲು ಯೋಚಿಸಿದ್ದು ಬಿಸಿನೀರಿನ ಬಗ್ಗೆ. ನಮ್ಮದು 15 ಲೀಟರ್ ಗೀಸರ್. ಐದು ಜನರ ತಲೆಸ್ನಾನ ಮುಗಿಯುವಷ್ಟರಲ್ಲಿ ರಾತ್ರಿಯಾಗುತ್ತೆ. 'ಎಣ್ಣೆ ನಮ್ಮನೇಲಿ, ಸ್ನಾನ ನಿಮ್ಮನೇಲಿ' ಅಂತ ಮೊದಲೇ ಹೇಳಿಬಿಟ್ಟೆ. ಕಲೆಯಾದರೂ ಪರವಾಗಿಲ್ಲ ಅನ್ನುವಂಥ ಹಳೇ ನೈಟಿ, ಟವೆಲ್ ತರಲು ಹೇಳಿದ್ದೆ.

ಬರೀ ಹರಳೆಣ್ಣೆ ಹಚ್ಚಿದರೆ ಜಿಗುಟು, ತೊಳೆದು ತೊಳೆದು ಸಾಕಾಗುತ್ತೆ. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿದೆ. ಆಮೇಲೆ ಮಹಡಿ ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತೆವು. ಪ್ರತಿಯೊಬ್ಬರೂ ಕೆಳಗಿನ ಮೆಟ್ಟಿಲಲ್ಲಿ ಕೂತವರ ತಲೆಗೆ ಎಣ್ಣೆ ತಟ್ಟೋದು. ಮೇಲೆ ಕೂತವಳಿಗೆ ಮಾತ್ರ ಯಾರೂ ಇಲ್ಲ, ಪಾಪ! ಹಾಗಾಗಿ ಆಗಾಗ ಕೆಳಗಿನವಳು ಎದ್ದು ಮೇಲೆ ಹೋಗಿ ಕೂರಬೇಕು. ಬೆರಳ ತುದಿಯಿಂದ ನೆತ್ತಿಯನ್ನು ನಿಧಾನವಾಗಿ ಒತ್ತುತ್ತಾ, ಕಿವಿಯ ಹಿಂದೆ, ಕತ್ತಿನ ಬುಡದವರೆಗೆ ಇಳಿಯಬೇಕು. ಉಗುರು ತಾಗಿಸಬಾರದು. ಇದಕ್ಕೇ ಜಾಸ್ತಿ ಹೊತ್ತು ಕೊಟ್ಟೆವು. ದುಡ್ಡು ಕೊಟ್ಟರೂ ಇಷ್ಟು ಹೊತ್ತು ಯಾರು ಒತ್ತುತ್ತಾರೆ, ಅಲ್ವಾ?

ಕಾಲಿಗೆ ಅಗಲವಾದ ಟಬ್‌ಗಳಲ್ಲಿ ಉಗುರುಬೆಚ್ಚಗಿನ ನೀರು, ಒಂದು ಹಿಡಿ ಕಲ್ಲುಪ್ಪು, ತಳದಲ್ಲಿ ಮಕ್ಕಳ ಗೋಲಿಗಳು. ಗೋಲಿಗಳ ಮೇಲೆ ಪಾದ ಉರುಳಿಸಿದರೆ ಹಾಯೆನಿಸುತ್ತದೆ. ನಮ್ಮಲ್ಲೊಬ್ಬಳಿಗೆ ಶುಗರ್ ಇದೆ. ಶುಗರ್ ಇರುವವರಿಗೆ ಕೆಲವೊಮ್ಮೆ ಪಾದಕ್ಕೆ ಬಿಸಿ ಗೊತ್ತಾಗೋದಿಲ್ಲ. ಅವಳ ನೀರನ್ನು ನಾನೇ ಮೊಣಕೈ ಅದ್ದಿ ನೋಡಿದೆ.

ಮುಖದ ಪ್ಯಾಕ್ ಕೊನೆಗೆ. ಹಚ್ಚಿಕೊಂಡ ಮೇಲೆ ನಗೋ ಹಾಗಿಲ್ಲ, ನಮಗೆ ಅದು ಮೊದಲೇ ಆಗದ ಮಾತು! ಕಡಲೆಹಿಟ್ಟು, ಮೊಸರು, ಚಿಟಿಕೆ ಕಸ್ತೂರಿ ಅರಿಶಿನ, ಅಷ್ಟೇ. ಅಡುಗೆ ಅರಿಶಿನ ಹಾಕಿದರೆ ಮರುದಿನ ಆಫೀಸಿಗೆ ಹಳದಿ ಮುಖ ಹೊತ್ತು ಹೋಗಬೇಕು. ನಿಂಬೆರಸ ಬೇಡವೇ ಬೇಡ, ಉರಿಯುತ್ತೆ. ಹಿಂದಿನ ದಿನವೇ ಎಲ್ಲರೂ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿದ್ದರು. ಪ್ಯಾಕ್ ಪೂರ್ತಿ ಒಣಗಿ ಬಿಗಿಯಾಗುವ ಮುಂಚೆ, ಇನ್ನೂ ಪಸೆ ಇರುವಾಗಲೇ ತೊಳೆಯಬೇಕು.

ಊಟಕ್ಕೆ ತಿಳಿಸಾರು, ಅನ್ನ, ಹಪ್ಪಳ. ಎಣ್ಣೆ ಕೈಯಲ್ಲಿ ಅದಕ್ಕಿಂತ ಜಾಸ್ತಿ ಬೇಡ.

ಹಾಂ, ಪ್ಯಾಕ್ ಹಚ್ಚಿದ ಮುಖವನ್ನು ಸಿಂಕ್‌ನಲ್ಲಿ ತೊಳೆಯಬೇಡಿ. ಕಡಲೆಹಿಟ್ಟು ಪೈಪಿನಲ್ಲಿ ಕಟ್ಟಿಕೊಳ್ಳುತ್ತೆ. ನಾವು ಹಳೇ ಬಟ್ಟೆಯಿಂದ ಒರೆಸಿ, ಬಕೆಟ್ ಮೇಲೆ ಬಗ್ಗಿ ತೊಳೆದು, ಆ ನೀರನ್ನು ಹಿತ್ತಲಿಗೆ ಚೆಲ್ಲಿದೆವು. ಉಪ್ಪುನೀರು ಮಾತ್ರ ಗಿಡಕ್ಕೆ ಹಾಕಲಿಲ್ಲ, ಬಚ್ಚಲಿಗೆ ಸುರಿದೆವು.