ಕ್ರೂಸ್ ಬುಕ್ ಆದಮೇಲೂ ದರ ಇಳಿಸಿಕೊಂಡಿದ್ದು: ನನ್ನ ಅನುಭವ

ಟೆಕ್ಸಸ್‌ನ ಗಾಲ್ವೆಸ್ಟನ್ ಬಂದರಿನಿಂದ ಜೂನ್‌ನಲ್ಲಿ ಹೊರಡುವ ಏಳು ರಾತ್ರಿಯ ಕ್ರೂಸ್‌ಗೆ ಆರು ಜನಕ್ಕೆ ಎರಡು ಬಾಲ್ಕನಿ ರೂಮು ಹಿಡಿದಾಗ ಬಿಲ್ಲು ಎಂಟು ಸಾವಿರದ ಇನ್ನೂರು ಡಾಲರ್ ಆಸುಪಾಸು ಇತ್ತು. ಹಡಗು ಹತ್ತುವ ಹೊತ್ತಿಗೆ ಅದೇ ಎರಡು ರೂಮು, ಅದೇ ಡೆಕ್, ಅದೇ ನಂಬರು. ಕಟ್ಟಿದ್ದು ಮಾತ್ರ ಆರು ಸಾವಿರದ ಒಂಬೈನೂರರ ಹತ್ತಿರ. ಹ್ಯೂಸ್ಟನ್ನಿನ ನಮ್ಮ ಕನ್ನಡ ಬಳಗದಲ್ಲಿ ಇದನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ. "ಬುಕ್ ಆದಮೇಲೆ ಯಾರು ರೀ ಕಮ್ಮಿ ಮಾಡ್ತಾರೆ, ಅವರೇನು ನಿಮ್ಮ ಸೋದರಮಾವನಾ?" ಅಂದರು ಒಬ್ಬರು. ಈಗ ಅವರೇ ವಾರಕ್ಕೊಂದು ಸಲ ಫೋನ್ ಮಾಡಿ "ಆ ಲೆಕ್ಕ ಇನ್ನೊಂದು ಸಲ ಹೇಳಿ" ಅನ್ನುತ್ತಿದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಕಿಟಕಿಯಿಲ್ಲದ ಇನ್‌ಸೈಡ್ ರೂಮು, ಬಾಲ್ಕನಿ ರೂಮು, ಬುಕ್ ಮಾಡುವಾಗ ಮುಂಗಡ ಕಟ್ಟುವ ಡೆಪಾಸಿಟ್ ಇವೆಲ್ಲ ನಿಮಗೆ ಗೊತ್ತಿರುವುದೇ. ನೆನಪಿಡಬೇಕಾದ ತಾರೀಖು ಒಂದೇ: ಪೂರ್ತಿ ದುಡ್ಡು ಕಟ್ಟುವ ಗಡುವು. ಏಳು ರಾತ್ರಿಯ ಯಾನಕ್ಕೆ ಸಾಮಾನ್ಯವಾಗಿ ಹೊರಡುವ ದಿನಕ್ಕಿಂತ ಸುಮಾರು 90 ದಿನ ಮುಂಚೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, 120 ದಿನ ಕೇಳುವವರೂ ಇದ್ದಾರೆ. ಆ ತಾರೀಖಿನ ತನಕ ನಮ್ಮ ಕೈ ಮೇಲೆ, ಅದು ದಾಟಿದರೆ ಅವರ ಕೈ ಮೇಲೆ. ನನ್ನ ಆಟವೆಲ್ಲ ಗಡುವಿಗೆ ಮುಂಚೆಯೇ ನಡೆದದ್ದು.

ಇದಕ್ಕೂ ಮುಂಚಿನ ಕ್ರೂಸ್‌ನಲ್ಲಿ ದರ ಆರುನೂರು ಡಾಲರ್ ಬಿದ್ದದ್ದನ್ನು ಕಣ್ಣಾರೆ ನೋಡಿಯೂ ಒಂದು ಡಾಲರ್ ದಕ್ಕಲಿಲ್ಲ. ಬುಕಿಂಗ್ ಇದ್ದದ್ದು ಆನ್‌ಲೈನ್ ಏಜೆನ್ಸಿಯೊಂದರ ಮೂಲಕ. ಏಜೆನ್ಸಿಯಲ್ಲಿ ಮಾಡಿದ ಬುಕಿಂಗನ್ನು ಹಡಗಿನ ಕಂಪನಿಯವರು ಮುಟ್ಟುವುದಿಲ್ಲ, "ನಿಮ್ಮ ಏಜೆಂಟರನ್ನೇ ಕೇಳಿ" ಅಂತಾರೆ. ಏಜೆನ್ಸಿಗೆ ಮೇಲ್ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು: ಬದಲಾವಣೆಗೆ ತಲೆಗಿಷ್ಟು ಸರ್ವಿಸ್ ಫೀ. ಅಷ್ಟರಲ್ಲಿ ದರ ಮೇಲೆದ್ದಿತ್ತು. ಅವರ ಕಮಿಷನ್ ನಿಂತಿರುವುದು ಫೇರ್ ಮೇಲೆ, ಅಂದರೆ ಟ್ಯಾಕ್ಸು ಬಿಟ್ಟ ಟಿಕೆಟ್ ದರದ ಮೇಲೆ. ನಮಗೆ ಆರುನೂರು ಕಮ್ಮಿಯಾದರೆ ಅವರ ಕಮಿಷನ್‌ಗೂ ಅದಕ್ಕೆ ತಕ್ಕ ಕತ್ತರಿ. ಮೇಲ್‌ಗೆ ಉತ್ತರ ಕೊಡಲು ಅವರಿಗೇನು ಅವಸರ? ಎಲ್ಲ ಏಜೆಂಟರೂ ಹೀಗೇ ಅಂತ ನಾನು ಹೇಳುವುದಿಲ್ಲ. ರಿಂಗ್ ಆದೊಡನೆ ಫೋನ್ ಎತ್ತುವ ಏಜೆಂಟ್ ನಿಮಗಿದ್ದರೆ ಬಿಡಬೇಡಿ. ಇಲ್ಲದವರು ನೇರವಾಗಿ ಕಂಪನಿಯಲ್ಲೇ ಬುಕ್ ಮಾಡಿ.

ಎಲ್ಲಿ ಬುಕ್ ಮಾಡಬೇಕು ಅನ್ನುವುದು ಮೊದಲ ಪಾಠವಾದರೆ ಎರಡನೆಯದು ಡೆಪಾಸಿಟ್. ಸೈಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾನ್-ರಿಫಂಡಬಲ್ ದರ, ಅಂದರೆ ಕ್ಯಾನ್ಸಲ್ ಮಾಡಿದರೆ ಡೆಪಾಸಿಟ್ ವಾಪಸ್ ಸಿಗದ್ದು, ರೂಮಿಗೆ ನೂರೋ ನೂರೈವತ್ತೋ ಡಾಲರ್ ಅಗ್ಗ. ನಾನು ಈ ಸಲ ಹೆಚ್ಚಿಗೆ ಕೊಟ್ಟು ರಿಫಂಡಬಲ್ಲೇ ತೆಗೆದುಕೊಂಡೆ, ತಲೆಗೆ 250ರ ಹತ್ತಿರ ಡೆಪಾಸಿಟ್. "ಸುಮ್ಮನೆ ಮುನ್ನೂರು ಡಾಲರ್ ದಂಡ" ಅಂತ ನನ್ನ ಹೆಂಡತಿಯೂ ಅಂದಳು. ಅತ್ತೆ-ಮಾವ ಮೈಸೂರಿನಿಂದ ಬರಬೇಕಿತ್ತು. ಮಾವನ ಮಂಡಿನೋವು ಯಾವಾಗ ಏನು ಮಾಡುತ್ತೋ ಗೊತ್ತಿಲ್ಲ. ಜೊತೆಗೆ ಹಡಗು ಮೆಕ್ಸಿಕೋ ಮುಟ್ಟಿ ವಾಪಸ್ ಬರುವುದರಿಂದ ಅವರಿಗೆ ಮಲ್ಟಿಪಲ್ ಎಂಟ್ರಿ ವೀಸಾ ಇರಲೇಬೇಕು, ಹಳೇ ಪಾಸ್‌ಪೋರ್ಟಿನಲ್ಲಿದ್ದ ವೀಸಾ ನೋಡಿ ಖಾತ್ರಿ ಮಾಡಿಕೊಳ್ಳುವುದಿತ್ತು. ಇವೆಲ್ಲ ಮನೆಯವರಿಗೆ ಹೇಳಿದ ಕಾರಣ. ನನ್ನ ಒಳಗಿನ ಲೆಕ್ಕ ಬೇರೆ: ರಿಫಂಡಬಲ್ ಇದ್ದರೆ ಗಡುವಿನ ತನಕ ಇಡೀ ಬುಕಿಂಗನ್ನೇ ಮುರಿದು ಹೊಸದಾಗಿ ಕಟ್ಟಬಹುದು. ಆ ಸ್ವಾತಂತ್ರ್ಯದ ಮುಂದೆ ಮುನ್ನೂರು ಡಾಲರ್ ಏನೂ ಅಲ್ಲ.

ದರ ಯಾಕೆ ಇಳಿಯುತ್ತೆ ಅಂತ ಕೇಳುವವರಿಗೆ ಗಾಲ್ವೆಸ್ಟನ್ ಬಂದರನ್ನೇ ತೋರಿಸುತ್ತೇನೆ. 2022ರ ನವೆಂಬರ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿ ಇಲ್ಲಿ ಸ್ವಂತ ಟರ್ಮಿನಲ್ ತೆರೆದು ಅಲ್ಯೂರ್ ಆಫ್ ದ ಸೀಸ್ ತಂದಿತು. 2023ರ ಡಿಸೆಂಬರ್‌ನಲ್ಲಿ ಕಾರ್ನಿವಲ್ ಜುಬಿಲಿ ಬಂತು. ಒಂದೊಂದೂ ಐದು ಸಾವಿರಕ್ಕಿಂತ ಹೆಚ್ಚು ಜನ ಹಿಡಿಯುವ ಹಡಗು. 2025ರ ಕೊನೆಗೆ ಎಮ್‌ಎಸ್‌ಸಿ ಸೀಸ್ಕೇಪ್ ಕೂಡ ಸೇರಿಕೊಂಡಿತು. ಇಲ್ಲಿಂದ ಹೊರಡುವ ಹಡಗುಗಳು ಹೆಚ್ಚುಕಮ್ಮಿ ಮೆಕ್ಸಿಕೋದ ಅದೇ ಕೊಜುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ಅದೇ ರೊಅಟಾನ್ ಸುತ್ತುವುದು. ಹೊರಟ ಹಡಗಿನಲ್ಲಿ ಖಾಲಿ ಉಳಿದ ರೂಮು ರಾತ್ರಿ ಅಂಗಡಿ ಮುಚ್ಚುವಾಗ ಉಳಿದ ಮಲ್ಲಿಗೆ ಇದ್ದ ಹಾಗೆ. ಬೆಳಗಾದರೆ ಕಾಸಿಗೂ ಬೇಡ. ರೂಮಿಗೆ ಇಬ್ಬರು ಅಂತ ಲೆಕ್ಕ ಹಿಡಿದು ಮೂರನೆಯವರು, ನಾಲ್ಕನೆಯವರನ್ನೂ ಸೇರಿಸಿ ಶೇಕಡಾ ನೂರಕ್ಕಿಂತ ಹೆಚ್ಚು ತುಂಬಿಸಿಕೊಂಡು ಹೋಗುವುದು ಈ ಕಂಪನಿಗಳ ವಾಡಿಕೆ. ಆದ್ದರಿಂದ ದರ ಒಂದು ಕಡೆ ನಿಲ್ಲುವುದೇ ಇಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟೇ. ವಾರಕ್ಕೆರಡು ಸಲ, ಹೊಸ ಗಿರಾಕಿಯ ಹಾಗೆ ಸೈಟಿಗೆ ಹೋಗಿ ಅದೇ ಯಾನ, ರೂಮಿನ ಅದೇ ಕೆಟಗರಿ, ಅಷ್ಟೇ ಜನ, ಅದೇ ವಯಸ್ಸು ಹಾಕಿ ಕಾರ್ಡ್ ನಂಬರ್ ಕೇಳುವ ಪುಟದ ತನಕ ಹೋಗುವುದು. ಮುಖಪುಟದಲ್ಲಿ "ಇಷ್ಟರಿಂದ ಶುರು" ಅಂತ ಬರೆದಿರುವುದನ್ನು ನಂಬಬೇಡಿ, ಅದು ರೂಮಿಗೆ ಇಬ್ಬರು ಅಂತ ಹಿಡಿದ ತಲಾ ದರ, ಅದೂ ಎಲ್ಲಕ್ಕಿಂತ ಅಗ್ಗದ ರೂಮಿಗೆ. ಮೂರನೆಯವರು ಸೇರಿದ ಕೂಡಲೇ ಲೆಕ್ಕವೇ ಬೇರೆ. ಕೆಲವು ಸಲ ಇಬ್ಬರಿಗೆ ಸಿಗುವ ಕೆಟಗರಿ ಮೂವರಿಗೆ ಇಲ್ಲ ಅಂತ ತೋರಿಸುತ್ತೆ. ಆ ಭಾಗದ ಲೈಫ್‌ಬೋಟಿನಲ್ಲಿ ಜಾಗ ಮುಗಿದಿದ್ದರೂ ಹಾಗಾಗುತ್ತದೆ. ಇನ್ನೊಂದು ಗೊಂದಲ: ಕ್ಯಾಲಿಫೋರ್ನಿಯಾದ ಕಾನೂನೊಂದು 2024ರ ಜುಲೈ 1ರಿಂದ ಜಾರಿಯಾದಮೇಲೆ ದೊಡ್ಡ ಕಂಪನಿಗಳು ಅಮೆರಿಕದಲ್ಲೆಲ್ಲ ಟ್ಯಾಕ್ಸು, ಪೋರ್ಟ್ ಫೀ ಸೇರಿಸಿಯೇ ದರ ತೋರಿಸುತ್ತಿವೆ. ನಮ್ಮ ಇನ್‌ವಾಯ್ಸಿನಲ್ಲಿ ಅವು ಬೇರೆ ಬೇರೆ ಸಾಲಿನಲ್ಲಿರುತ್ತವೆ. ಇನ್‌ವಾಯ್ಸಿನ ಫೇರ್ ಸಾಲನ್ನು ಸೈಟಿನ ಒಟ್ಟು ಮೊತ್ತಕ್ಕೆ ಹೋಲಿಸಿ "ದರ ಏರಿಬಿಟ್ಟಿದೆ" ಅಂತ ಕೈಬಿಟ್ಟವರನ್ನು ನೋಡಿದ್ದೇನೆ. ಕೊನೆಯ ಸಾಲಿಗೆ ಕೊನೆಯ ಸಾಲನ್ನೇ ಹೋಲಿಸಬೇಕು.

ಅಕ್ಟೋಬರ್‌ನಲ್ಲಿ ಮೊದಲ ಇಳಿಕೆ ಬಂತು, ಒಂದು ರೂಮಿಗೆ 210 ಡಾಲರ್. ಬಳಗದಲ್ಲಿ ಎಲ್ಲರೂ "ಈಗಲೇ ಮಾಡಿಸಿ" ಅಂದರು. ನಾನು ಮಾಡಿಸಲಿಲ್ಲ. ಹಳೆಯ ಇನ್‌ವಾಯ್ಸಿನ ದರದಲ್ಲೇ ಇಬ್ಬರ ಗ್ರಾಚ್ಯುಟಿ, ಅಂದರೆ ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸು, ಸೇರಿಕೊಂಡಿತ್ತು, ದಿನಕ್ಕೆ ತಲೆಗೆ ಹದಿನೆಂಟೂವರೆ ಅಂದರೆ ಏಳು ದಿನಕ್ಕೆ ಹತ್ತಿರ ಹತ್ತಿರ 260. ಮೇಲೆ ಹಡಗಿನೊಳಗೆ ಖರ್ಚು ಮಾಡಲು ಕಂಪನಿ ಕೊಡುವ ಆನ್‌ಬೋರ್ಡ್ ಕ್ರೆಡಿಟ್ ನೂರು ಡಾಲರ್. ಹೊಸ ದರದಲ್ಲಿ ಎರಡೂ ಇಲ್ಲ. ದರ ಬದಲಾಯಿಸಿದರೆ ಅವತ್ತಿನ ಆಫರ್ ಬರುತ್ತೆ, ಹಳೆಯದು ಹೋಗುತ್ತೆ. 210 ಉಳಿಸಲು 360 ಕಳೆದುಕೊಳ್ಳುವ ವ್ಯಾಪಾರ ಯಾರಿಗೆ ಬೇಕು? ಫೋನಿನಲ್ಲಿರುವವರು ಇದನ್ನು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ನಿಜವಾದ ಇಳಿಕೆ ಜನವರಿಯಲ್ಲಿ, ಕ್ರೂಸ್‌ನವರು ಆಫರ್ ಸುರಿಯುವ ವೇವ್ ಸೀಸನ್ನಿನಲ್ಲಿ. ಎರಡೂ ರೂಮು ಸೇರಿ ಮುನ್ನೂರೈವತ್ತರಷ್ಟು ಬಿತ್ತು, ಗ್ರಾಚ್ಯುಟಿ, ಕ್ರೆಡಿಟ್ ಎಲ್ಲ ಹಾಗೇ ಉಳಿಯಿತು. ಫೋನಿನಲ್ಲಿ ಹತ್ತು ನಿಮಿಷದ ಕೆಲಸ.

ನನಗೆ ಹೆಮ್ಮೆ ಇರುವುದು ಮುಂದಿನ ಕೆಲಸದ ಬಗ್ಗೆ. 55 ದಾಟಿದವರಿಗೆ ಕೆಲವು ಯಾನಗಳಲ್ಲಿ ಬೇರೆ ದರ ಇರುತ್ತೆ, ರೂಮಿನಲ್ಲಿ ಅಂಥವರು ಒಬ್ಬರಿದ್ದರೆ ಸಾಕು. ಎಲ್ಲ ಯಾನಕ್ಕೂ ಇರುವುದಿಲ್ಲ. ಜೂನ್‌ನ ರಜೆಯ ಕಾಲಕ್ಕೆ ಸಿಗಲಾರದು ಅಂದುಕೊಂಡೇ ಕೇಳಿದೆ, ಸಿಕ್ಕಿತು. ಟೆಕ್ಸಸ್ ನಿವಾಸಿಗಳ ದರವನ್ನೂ ಅದರ ಪಕ್ಕಕ್ಕಿಟ್ಟು ನೋಡಿಸಿದೆ, ಅವತ್ತು ಹಿರಿಯರ ದರವೇ ಅಗ್ಗವಾಗಿತ್ತು. ಆದರೆ ನಮ್ಮ ಬುಕಿಂಗ್ ಇದ್ದದ್ದು ನಾವು ನಾಲ್ವರು ಒಂದು ರೂಮು, ಅತ್ತೆ-ಮಾವ ಇನ್ನೊಂದು. ಹಿರಿಯರ ದರ ಒಂದೇ ರೂಮಿಗೆ ಬರುತ್ತಿತ್ತು. ಎರಡೂ ರೂಮಿನಲ್ಲಿ ಸೋಫಾ ಬೆಡ್ ಇತ್ತು, ಹಾಗಾಗಿ ಕಾಗದದ ಮೇಲೆ ಮೂರು-ಮೂರು ಮಾಡಿದೆ: ನಾನು, ಮಾವ, ಮಗ ಒಂದು ಕಡೆ; ಹೆಂಡತಿ, ಅತ್ತೆ, ಮಗಳು ಇನ್ನೊಂದು ಕಡೆ. ಎರಡೂ ರೂಮಿಗೆ ಹಿರಿಯರ ದರ ಹತ್ತಿ ನಾನೂರೈವತ್ತರಷ್ಟು ಇಳಿಯಿತು. ಹಡಗಿನೊಳಗೆ ಯಾರು ಎಲ್ಲಿ ಮಲಗುತ್ತಾರೆ ಅಂತ ಯಾರೂ ನೋಡುವುದಿಲ್ಲ, ಗೆಸ್ಟ್ ಸರ್ವಿಸ್‌ನಲ್ಲಿ ಕೇಳಿದರೆ ಇನ್ನೊಂದು ರೂಮಿನ ಕೀ ಕೂಡ ಕೊಡುತ್ತಾರೆ. ಮಾವನಿಗೆ ಮಾತ್ರ ವಿಡಿಯೋ ಕಾಲ್‌ನಲ್ಲಿ ಇದನ್ನು ವಿವರಿಸುವಾಗ ಸಾಕುಸಾಕಾಯಿತು.

"ಅಳಿಯಂದಿರೇ, ನಲವತ್ತು ವರ್ಷ ಆದಮೇಲೆ ನಮ್ಮನ್ನ ಬೇರೆ ಮಾಡ್ತಿದ್ದೀರಲ್ಲ?"

"ಕಾಗದದಲ್ಲಿ ಅಷ್ಟೇ ಮಾವ."

"ಮಾಡಿದ್ರೆ ಮಾಡ್ಲಿ ಬಿಡಿ, ಗೊರಕೆ ತಪ್ಪುತ್ತೆ" ಅಂತ ಅತ್ತೆ ಹಿಂದಿನಿಂದ.

ಇದಕ್ಕೊಂದು ಬೆಲೆಯೂ ತೆರಬೇಕಾಯಿತು. ಮದ್ಯದ ಪ್ಯಾಕೇಜ್ ರೂಮಿನಲ್ಲಿ ಒಬ್ಬ ವಯಸ್ಕ ತೆಗೆದುಕೊಂಡರೆ ಮಿಕ್ಕ ವಯಸ್ಕರೂ ತೆಗೆದುಕೊಳ್ಳಬೇಕು ಅನ್ನುವುದು ಬಹಳ ಕಡೆ ನಿಯಮ. ಈಗ ನನ್ನ ರೂಮಿನ ಇನ್ನೊಬ್ಬ ವಯಸ್ಕರು ಮಾವ. ಅವರು ಕುಡಿಯುವುದು ಫಿಲ್ಟರ್ ಕಾಫಿ ಮಾತ್ರ. ಅವರ ಹೆಸರಿನಲ್ಲಿ ದಿನಕ್ಕೆ ಎಪ್ಪತ್ತು-ಎಂಬತ್ತು ಡಾಲರಿನ ಪ್ಯಾಕೇಜ್ ಕೊಳ್ಳುವುದೇ? ನಾನೂ ಬಿಟ್ಟೆ. ದಿನಕ್ಕೆರಡು ಬಿಯರ್ ಬಿಡಿಯಾಗಿ ತೆಗೆದುಕೊಂಡರೆ ಅದೇ ಅಗ್ಗ ಅಂತ ಆಮೇಲೆ ಗೊತ್ತಾಯಿತು.

ಕೊನೆಯ ಐನೂರು ಬಿದ್ದದ್ದು ಗಡುವಿನ ವಾರದಲ್ಲಿ. ಕಾದು ಕೂತವರು, ಎರಡೆರಡು ಯಾನ ಹಿಡಿದಿಟ್ಟುಕೊಂಡವರು, ಏಜೆನ್ಸಿಗಳು ಗುಂಪಿಗೆ ಅಂತ ಹಿಡಿದಿಟ್ಟ ರೂಮುಗಳು, ಎಲ್ಲ ಒಟ್ಟಿಗೆ ಹೊರಬೀಳುವ ಸಮಯ ಅದು. ವಾರಕ್ಕೆರಡು ಸಲ ನೋಡುತ್ತಿದ್ದವನು ಆಗ ದಿನಕ್ಕೆ ಎರಡು ಹೊತ್ತು ನೋಡಿದೆ. ಯಾವ ಹೊತ್ತು ಅಂತ ಹೇಳುವುದಿಲ್ಲ. ಫೋನ್ ಮಾಡುವ ಗಂಟೆಯನ್ನೂ ಹೇಳುವುದಿಲ್ಲ, ಎಲ್ಲರೂ ಆಗಲೇ ಮಾಡಿದರೆ ನನ್ನ ಸರದಿ ಬರುವುದು ಯಾವಾಗ?

ಫೋನಿನಲ್ಲಿ ಏನು ಹೇಳಬೇಕು ಅನ್ನುವುದು ಮುಖ್ಯ. "ಡಿಸ್ಕೌಂಟ್ ಕೊಡಿ" ಅಂದರೆ ಇಲ್ಲ ಅಂತಾರೆ. ನಾನು ಹೇಳುವುದು: ಇದೇ ಬುಕಿಂಗ್, ಇದೇ ಕೆಟಗರಿ, ಈಗ ನಿಮ್ಮ ಸೈಟಿನಲ್ಲಿ ಇಷ್ಟಿದೆ, ಇವತ್ತಿನ ದರಕ್ಕೆ ಹೊಂದಿಸಿ, ರೂಮ್ ನಂಬರ್ ಬದಲಾಗಬಾರದು. ಅವತ್ತು ಎತ್ತಿದಾಕೆ ಹುಡುಕಿ ನೋಡಿ, ಹಳೆಯದನ್ನು ಕ್ಯಾನ್ಸಲ್ ಮಾಡಿ ಹೊಸದಾಗಿ ಮಾಡೋಣವೇ ಅಂದಳು. ಬೇಡವೇ ಬೇಡ ಅಂದೆ. ಹಳೆಯದು ಬಿಟ್ಟ ಕ್ಷಣದಲ್ಲಿ ಆ ರೂಮು ಬೇರೆಯವರ ಪಾಲಾಗಬಹುದು. ಹೊಸದು ಹೋಲ್ಡ್ ಆಗಿ ಅದರ ನಂಬರ್ ಕೈಗೆ ಬಂದಮೇಲೇ ಹಳೆಯದನ್ನು ಮುಟ್ಟಬೇಕು. ಆಗಲ್ಲ ಅಂದಳು, ಥ್ಯಾಂಕ್ಸ್ ಹೇಳಿ ಇಟ್ಟು ಮತ್ತೆ ಫೋನ್ ಮಾಡಿದೆ. ಎರಡನೆಯವನು ಐದೇ ನಿಮಿಷಕ್ಕೆ ಇದ್ದ ಬುಕಿಂಗಿನಲ್ಲೇ ದರ ತಿದ್ದಿದ. ಫೋನ್ ಇಡುವ ಮುಂಚೆ ಹೊಸ ಇನ್‌ವಾಯ್ಸ್ ಮೇಲ್‌ಗೆ ಬಂತಾ, ಕ್ರೆಡಿಟ್ ಸಾಲು ಅದರಲ್ಲಿದೆಯಾ ಅಂತ ಅವನಿದ್ದಾಗಲೇ ಓದಿ ಹೇಳಿಸಿಕೊಂಡೆ.

ಬಳಗದವರ ಅನುಮಾನಕ್ಕೆ ಒಂದು ಕಾರಣ ಈಗ ಅರ್ಥವಾಗಿದೆ. ಗಡುವಿಗೆ ಮುಂಚೆ ನಾವು ಕಟ್ಟಿರುವುದು ಡೆಪಾಸಿಟ್ ಮಾತ್ರ, ಆದ್ದರಿಂದ ದುಡ್ಡು ವಾಪಸ್ ಬರುವುದಿಲ್ಲ, ಬಾಕಿ ಕಮ್ಮಿಯಾಗುತ್ತೆ ಅಷ್ಟೇ. "ಅಕೌಂಟಿಗೆ ಎಲ್ಲಿ ಬಂತು ತೋರಿಸಿ" ಅಂದರೆ ತೋರಿಸಲು ಏನೂ ಇರಲಿಲ್ಲ!

ಪಕ್ಕದ ಪ್ರಯೋಗಗಳೂ ನಡೆದವು. ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ ನೋಡಿದರೆ ಅಗ್ಗ ಅಂತಾರೆ, ನನಗೆ ಒಂದು ಸೆಂಟ್ ವ್ಯತ್ಯಾಸ ಕಾಣಲಿಲ್ಲ. ಬೆಂಗಳೂರಿನ ತಮ್ಮನ ಲ್ಯಾಪ್‌ಟಾಪಿನಿಂದ ನೋಡಿಸಿದೆ. ದರ ಸ್ವಲ್ಪ ಬೇರೆ, ಆದರೆ ಡೆಪಾಸಿಟ್ ನಿಯಮವೂ ಬೇರೆ, ಬಿಟ್ಟೆವು. ವೈಫೈ ಪ್ಯಾಕೇಜ್ ಮಾತ್ರ ಸುಲಭದ ಬೇಟೆ: ಕೊಂಡದ್ದು ದಿನಕ್ಕೆ 20ರ ಆಸುಪಾಸು, ಏಪ್ರಿಲ್‌ನಲ್ಲಿ 15ಕ್ಕೆ ಇಳಿದಾಗ ಆನ್‌ಲೈನಿನಲ್ಲೇ ಕ್ಯಾನ್ಸಲ್ ಮಾಡಿ ಮತ್ತೆ ಕೊಂಡೆ, ಹಳೇ ದುಡ್ಡು ಕಾರ್ಡಿಗೆ ಬಂತು. ಇದಕ್ಕೆ 90 ದಿನದ ಗಡುವಿನ ಕಾಟ ಇಲ್ಲ. ಸ್ನೇಹಿತರೊಬ್ಬರು ಕಾರ್ನಿವಲ್ ಕಂಪನಿಯ ನೂರು ಷೇರು ಕೊಂಡಿದ್ದಾರೆ, ಷೇರುದಾರರಿಗೆ ಏಳು ರಾತ್ರಿಯ ಯಾನಕ್ಕೆ ನೂರು ಡಾಲರ್ ಕ್ರೆಡಿಟ್ ಕೊಡುತ್ತಾರೆ ಅಂತ. ಷೇರು ಬಿದ್ದ ದಿನ ಅವರ ಮುಖ ನೋಡಬೇಕು.

ಗಡುವು ದಾಟಿದಮೇಲೆ ದರ ಬಿದ್ದರೆ? ದುಡ್ಡು ಸಿಗುವುದಿಲ್ಲ, ಜಗಳವಾಡಿ ಪ್ರಯೋಜನವಿಲ್ಲ. ಹಿಂದೊಮ್ಮೆ ಹಾಗಾದಾಗ ನಾನು ಕೇಳಿದ್ದು ಬೇರೆ: ನಾನು ಬರೀ ಕಿಟಕಿ ಇರುವ ಓಷನ್ ವ್ಯೂ ರೂಮಿಗೆ ಕೊಟ್ಟ ದುಡ್ಡಿಗೇ ಇವತ್ತು ಬಾಲ್ಕನಿ ಇದೆ, ಅದಕ್ಕೆ ಹಾಕಿಬಿಡಿ. ಹಾಕಿದರು.

ಈಗ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹಿಡಿದಿದ್ದೇನೆ, ಅದೇ ಮೂರು-ಮೂರು ಲೆಕ್ಕದಲ್ಲಿ. ಸದ್ಯಕ್ಕೆ ದರ ನಾವು ಹಿಡಿದದ್ದಕ್ಕಿಂತ ಮುನ್ನೂರು ಡಾಲರ್ ಮೇಲಿದೆ. ಏರಿದ್ದನ್ನು ಯಾರೂ ನಮ್ಮಿಂದ ವಸೂಲಿ ಮಾಡುವುದಿಲ್ಲ. ಗಡುವಿಗೆ ಇನ್ನೂ ಸಮಯವಿದೆ.