ಜಪಾನಿನ ಆಂಪ್, ತೀರ್ಥಹಳ್ಳಿಯ ಕರೆಂಟು

ಭಾವ ಜಪಾನಿನಿಂದ ತಂದುಕೊಟ್ಟ ಆಂಪ್ಲಿಫೈಯರ್ 100 ವೋಲ್ಟಿನದು. ನಮ್ಮ ತೀರ್ಥಹಳ್ಳಿ ಮನೆಯಲ್ಲಿ 230. ಅಂಗಡಿಯಲ್ಲಿ ಸಿಕ್ಕಿದ 110 ವೋಲ್ಟಿಗೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಹಾಡೇನೋ ಬಂತು, ಆದರೆ ರಾತ್ರಿ ಹೊತ್ತು ಆಂಪ್ ಕಾದ ಕಾವಲಿ! ಮೀಟರ್ ಹಿಡಿದಾಗ ಗೊತ್ತಾಯಿತು. ತೋಟದ ಪಂಪ್‌ಸೆಟ್‌ಗಳೆಲ್ಲ ನಿಂತ ಮೇಲೆ ನಮ್ಮ ಲೈನ್ 250ಕ್ಕೆ ಏರುತ್ತದೆ. ಆಗ ಆಂಪ್‌ಗೆ ಹೋಗುವುದು ಸುಮಾರು 120. ಜಾಸ್ತಿಯೇ ಅಲ್ವಾ?

ಶಿವಮೊಗ್ಗದಲ್ಲಿ 230ರಿಂದ 100ಕ್ಕೆ ಇಳಿಸುವಂಥ ಟ್ರಾನ್ಸ್‌ಫಾರ್ಮರನ್ನೇ ಸುತ್ತಿಸಿದೆ. ಆಂಪ್ ಎಳೆಯುವುದು 180 ವ್ಯಾಟ್, ನಾನು ಮಾಡಿಸಿದ್ದು 500 ವಿಎ (ವೋಲ್ಟ್-ಆಂಪಿಯರ್) ಹೊರೆ ತಾಳುವಂಥದ್ದು. ಅದಕ್ಕೂ ಮೊದಲು ಒಂದು ಸ್ಟೆಬಿಲೈಸರ್. ಈಗ ಬಿಸಿಯ ಕಾಟವಿಲ್ಲ.

ಜೊತೆಗೆ ಬಂದ, ರೆಕಾರ್ಡ್ ಹಾಡಿಸುವ ಹಳೇ ಟರ್ನ್‌ಟೇಬಲ್ ಮಾತ್ರ ಎಳೆದೆಳೆದು ಹಾಡುತ್ತಿತ್ತು. ಒಸಾಕಾ ಕಡೆಯ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನ), ನಮ್ಮದು 50. ಹರ್ಟ್ಸ್ ಇಳಿದರೆ ಇದರ ಮೋಟಾರೂ ನಿಧಾನ. ಟ್ರಾನ್ಸ್‌ಫಾರ್ಮರ್ ಇದನ್ನು ಬದಲಿಸುವುದಿಲ್ಲ. ಟೋಕಿಯೊದಲ್ಲೂ 50 ಹರ್ಟ್ಸೇ. ಭಾವನಿಗೆ ಹೇಳಿ ಟೋಕಿಯೊ ಕಡೆಯ, 50 ಹರ್ಟ್ಸಿಗೆ ಹೊಂದುವ ಮೋಟಾರ್ ಪುಲ್ಲಿ ತರಿಸಿ ಹಾಕಿದೆ.