ಜಪಾನಿಗೆ ಹೊರಟಿದ್ದೀರಾ? ಬಾಗಿಲ ಹತ್ತಿರದ ಚೀಲದಲ್ಲಿ ಕಡಕ್ ರೊಟ್ಟಿ ಇರಲಿ

ಈ ಸಲ ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬಂದಾಗ ಮೂವರು ಹುಡುಗರು ಮನೆ ಹುಡುಕಿಕೊಂಡು ಬಂದರು. ಒಬ್ಬ ಯಾದಗಿರಿಯವನು, ಇಬ್ಬರು ಬೀದರ್ ಕಡೆಯವರು. ಮೂವರಿಗೂ ಜಪಾನಿನಲ್ಲಿ ಕೆಲಸ ಸಿಕ್ಕಿದೆ. ಪಗಾರ, ರೂಮು, ಊಟ ಎಲ್ಲ ಕೇಳಿದರು. ಯಾದಗಿರಿ ಹುಡುಗನ ಜೊತೆ ಅವನ ಅವ್ವನೂ ಬಂದಿದ್ದರು. ಅಷ್ಟು ಹೊತ್ತು ಸುಮ್ನೆ ಕೂತಿದ್ದವರು ಏಳುವಾಗ ಕೇಳಿದರು: “ಅಲ್ಲಿ ಭೂಮಿ ದಿನಾ ನಡುಗ್ತದಂತಲ್ಲ ತಮ್ಮಾ, ಖರೇನಾ?”

ಖರೇ ಅಂದೆ. ಬಸ್ಸಿನ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. 14 ವರ್ಷದಿಂದ ಅಲ್ಲಿದ್ದೇನೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕಡೆಯವರಿಗೆ ಭೂಕಂಪ ಹೊಸದಲ್ಲ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ. ನಸುಕಿನ ನಾಲ್ಕರ ಹೊತ್ತಿಗೆ ಮಹಾರಾಷ್ಟ್ರದ ಉಮರ್ಗಾದ ಆಚೆ ಕಿಲಾರಿ ನೆಲಸಮ ಆಯಿತು. ಸುಮಾರು 10 ಸಾವಿರ ಜನ ಸತ್ತರು. ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಪಾತ್ರೆ ಉರುಳಿದ ಸದ್ದು ನನಗೆ ಇನ್ನೂ ನೆನಪಿದೆ. ಅಲ್ಲಿ ಜನರನ್ನು ಕೊಂದದ್ದು ನೆಲ ಅಲ್ಲ, ಮನೆ. ಮಣ್ಣಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮಣ್ಣಿನ ಮಾಳಿಗೆ. 2018ರಲ್ಲಿ ಒಸಾಕಾದಲ್ಲಿ ಹೆಚ್ಚು ಕಡಿಮೆ ಅಷ್ಟೇ ಜೋರಿನದು ಬಂತು. ಅಷ್ಟು ದೊಡ್ಡ ಊರಲ್ಲಿ ಸತ್ತವರು ಹತ್ತು ಜನರೂ ಇಲ್ಲ.

ಹಾಗಾಗಿ ಮನೆ ನೋಡುವಾಗ ಬಾಡಿಗೆಗಿಂತ ಮೊದಲು ಒಂದು ಮಾತು ಕೇಳಿ: ಈ ಕಟ್ಟಡ 1981ರ ಜೂನ್ ಆದ ಮೇಲೆ ಮಂಜೂರಾದದ್ದಾ? ಆ ತಿಂಗಳಿಂದ ಅಲ್ಲಿ ಕಟ್ಟಡದ ಕಾನೂನು ಬಿಗಿಯಾಯಿತು. ಕಟ್ಟಿಗೆಯ ಮನೆಯಾದರೆ 2000ದ ನಂತರದ್ದು ಇನ್ನೂ ಒಳ್ಳೆಯದು. ನಾನು ಮೊದಲ ವರ್ಷ ಕಡಿಮೆ ಬಾಡಿಗೆ ಅಂತ ಹಳೆ ಮನೆಗೆ ಹೋದೆ. ಏಜೆಂಟ್ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ರಾತ್ರಿ ಪುಸ್ತಕದ ಕಪಾಟು ಹಾಸಿಗೆ ಮೇಲೆ ಬಿತ್ತು. ಪುಣ್ಯಕ್ಕೆ ಅವತ್ತು ರಾತ್ರಿ ಪಾಳಿ ಇತ್ತು. ಕಪಾಟಿಗೂ ಮಾಳಿಗೆಗೂ ನಡುವೆ ಕೊಡುವ ಕಂಬಿ ಅಂಗಡಿಯಲ್ಲೇ ಸಿಗುತ್ತದೆ, ಮೊದಲ ವಾರವೇ ತನ್ನಿ.

ಫೋನು ಒಮ್ಮೆಲೇ ಕರ್ಕಶವಾಗಿ ಕೂಗಿಕೊಂಡರೆ ಗಾಬರಿಯಾಗಬೇಡಿ. ನಡುಕ ಮುಟ್ಟುವ ಕೆಲವು ಸೆಕೆಂಡ್ ಮೊದಲು ಬರುವ ಎಚ್ಚರಿಕೆ ಅದು. ನಮ್ಮವರಿಗೆ ಕಿಲಾರಿ ಕಲಿಸಿದ ಪಾಠ ಹೊರಗೆ ಓಡು ಅನ್ನೋದು. 2021ರಲ್ಲಿ ಚಿಂಚೋಳಿಯ ಗಡಿಕೇಶ್ವರದಲ್ಲಿ ನೆಲ ನಡುಗಿದಾಗಲೂ ಜನ ಹೊರಗೇ ಮಲಗಿದರು. ಅಲ್ಲಿ ಅದು ಸರಿ. ಜಪಾನಿನ ಪೇಟೆಯಲ್ಲಿ ಹೊರಗೆ ಗಾಜು, ಬೋರ್ಡು ಮೇಲೆ ಬೀಳುತ್ತವೆ. ಮೇಜಿನ ಕೆಳಗೆ ಹೋಗಿ ತಲೆ ಮುಚ್ಚಿಕೊಳ್ಳಿ. ಸಮುದ್ರದ ಹತ್ತಿರ ಇದ್ದರೆ ಮಾತ್ರ, ನಡುಕ ನಿಂತ ಕೂಡಲೇ ಎತ್ತರದ ಜಾಗಕ್ಕೆ ನಡೆಯಿರಿ. ಚೀಲ, ಪಾಸ್‌ಪೋರ್ಟ್ ಅಂತ ಹುಡುಕುತ್ತ ನಿಲ್ಲಬೇಡಿ.

ಆಪತ್ತಿಗೆ ಅಂತ ಕಟ್ಟಿಟ್ಟ ಚೀಲವನ್ನು ಬಾಗಿಲ ಹತ್ತಿರವೇ ಇಡಬೇಕು ಅನ್ನೋದು ಅದಕ್ಕೇ. ತಲೆಗೆ ದಿನಕ್ಕೆ 3 ಲೀಟರ್ ನೀರು, ಕನಿಷ್ಠ 3 ದಿನಕ್ಕೆ. ಒಂದು ವಾರಕ್ಕಿದ್ದರೆ ಇನ್ನೂ ಚೆನ್ನ, ಆದರೆ ಅಷ್ಟನ್ನು ಹೊರಲಾಗುವುದಿಲ್ಲ, ಜಾಸ್ತಿಯದು ಮನೆಯಲ್ಲಿರಲಿ. ಟಾರ್ಚು, ಪವರ್ ಬ್ಯಾಂಕು, ಔಷಧ, ಚಿಲ್ಲರೆ ದುಡ್ಡು. ಊಟದ್ದು ನಮಗೆ ಬೇರೆ ಕಥೆ. ಅಲ್ಲಿ ಹಂಚುವ ಊಟದಲ್ಲಿ ಮೀನಿನ ರಸ ಇಲ್ಲದ್ದು ಸಿಗೋದು ಕಷ್ಟ. ಸಸ್ಯಾಹಾರಿಗಳು ಹಸಿದಿರಬೇಕಾಗುತ್ತದೆ. ಇದಕ್ಕೆ ನಮ್ಮವ್ವಂದಿರು ಯಾವತ್ತೋ ಉತ್ತರ ಕಂಡುಕೊಂಡಿದ್ದಾರೆ, ಅಲ್ವಾ? ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಒಲೆ ಬೇಡ, ಬಿಸಿನೀರು ಬೇಡ, ತಿಂಗಳಾದರೂ ಕೆಡುವುದಿಲ್ಲ. ನಾನು ಊರಿಗೆ ಬಂದಾಗಲೆಲ್ಲ ಎರಡು ಕಟ್ಟು ಒಯ್ಯುತ್ತೇನೆ. ಹಳೆ ಕಟ್ಟು ತಿಂದು ಹೊಸದನ್ನು ಚೀಲಕ್ಕೆ ಹಾಕುತ್ತೇನೆ. ಮಾಂಸದ ಪದಾರ್ಥ ಮಾತ್ರ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ವಾರ್ಡ್ ಕಚೇರಿಯಲ್ಲಿ ವಿಳಾಸ ಬರೆಸಲು ಹೋದಾಗ ಹಜಾರ್ಡ್ ಮ್ಯಾಪ್ ಕೇಳಿ ತನ್ನಿ. ನಿಮ್ಮ ಓಣಿಗೆ ನೀರು ಎಷ್ಟು ಏರಬಹುದು, ಆಶ್ರಯಕ್ಕೆ ಯಾವ ಶಾಲೆಗೆ ಹೋಗಬೇಕು ಅನ್ನೋದು ಅದರಲ್ಲಿರುತ್ತದೆ. ಮಳೆಗಾಲದಲ್ಲಿ ಎಚ್ಚರಿಕೆಯ ಮಟ್ಟ ‘ಲೆವೆಲ್ 4’ ಅಂದರೆ ಅಪಾಯದ ಜಾಗದಲ್ಲಿರುವ ಎಲ್ಲರೂ ಎದ್ದು ಹೊರಡಬೇಕು. 5ರ ತನಕ ಕಾಯಬೇಡಿ.

ಇಷ್ಟು ಮನೆಯ ಮಾತು. ಸುದ್ದಿ ಎಲ್ಲಿಂದ ಬರುತ್ತದೆ ಅನ್ನೋದೂ ಗೊತ್ತಿರಲಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ನೆನಪಿದೆಯಲ್ಲ? ಮೇಲೆ ಮಹಾರಾಷ್ಟ್ರದ ಉಜನಿ ಡ್ಯಾಮಿನಲ್ಲಿ ನೀರು ಬಿಟ್ಟರೆ ಅದು ನಮ್ಮ ಕಡೆಯ ಸೊನ್ನ ಬ್ಯಾರೇಜಿಗೆ ಬಂದೇ ಬರುತ್ತದೆ. ನೀರಿಗಿಂತ ಮೊದಲು ಸುದ್ದಿ ಬಂದರೆ ದನ ಬಿಚ್ಚಬಹುದು. ಸಮುದ್ರಕ್ಕೂ ಇದೇ ಲೆಕ್ಕ. 1960ರ ಮೇನಲ್ಲಿ ಚಿಲಿಯಲ್ಲಿ ಭೂಮಿ ನಡುಗಿತು. ಹೆಚ್ಚು ಕಡಿಮೆ ಒಂದು ದಿನ ಆದ ಮೇಲೆ ಅಲೆ ಜಪಾನಿಗೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ದಿನ ಕೈಯಲ್ಲಿತ್ತು, ಆದರೆ ಜನರಿಗೆ ಹೊತ್ತಿಗೆ ಸರಿಯಾಗಿ ಎಚ್ಚರಿಕೆ ಸಿಗಲಿಲ್ಲ. 1965ರಲ್ಲಿ ಪೆಸಿಫಿಕ್ ದೇಶಗಳೆಲ್ಲ ಕೂಡಿ ಎಚ್ಚರಿಕೆಯ ವ್ಯವಸ್ಥೆ ಮಾಡಿಕೊಂಡವು. ನಮ್ಮ ಹಿಂದೂ ಮಹಾಸಾಗರಕ್ಕೆ ಆ ಬುದ್ಧಿ ಬರಲು 2004ರ ಸುನಾಮಿಯೇ ಬೇಕಾಯಿತು. ಈಗ ನಮ್ಮ ಕಡೆಯ ಕೇಂದ್ರ ಇಲ್ಲೇ ಹೈದರಾಬಾದಿನಲ್ಲಿದೆ.

ಪೆಸಿಫಿಕ್ ಸುತ್ತಲಿನವರದೇ ಏಪೆಕ್ ಅನ್ನುವ 21 ಸದಸ್ಯರ ಕೂಟವೊಂದಿದೆ, 1989ರಿಂದ. ಮುಖ್ಯವಾಗಿ ವ್ಯಾಪಾರದ್ದು. ನಾಯಕರು ಒಂದೇ ಥರದ ಅಂಗಿ ತೊಟ್ಟು ಫೋಟೊ ತೆಗೆಸಿಕೊಳ್ಳುವುದೇ ಜಾಸ್ತಿ ಸುದ್ದಿಯಾಗುತ್ತದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ವಿಪತ್ತಿನ ಸಿದ್ಧತೆಗೆ ಅವರು ಇಟ್ಟಿರುವ ಗುಂಪು. ವ್ಯಾಪಾರದವರಿಗೆ ಅದೇಕೆ ಅಂತೀರಾ? 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದಾಗ ಜಪಾನಿನ ಕಾರು ಕಂಪನಿಗಳು ಕೆಲಸ ನಿಲ್ಲಿಸಿದವು, ಹಾರ್ಡ್ ಡಿಸ್ಕಿನ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಅದಕ್ಕೇ ನಿಮ್ಮ ಕಂಪನಿಯಲ್ಲೂ ಮೊದಲ ದಿನವೇ ‘ಆನ್ಪಿ’ ಅನ್ನುವ ಮೆಸೇಜಿನ ಬಗ್ಗೆ ಹೇಳುತ್ತಾರೆ. ಕ್ಷೇಮವಾ ಅಂತ ಕೇಳುವ ಮೆಸೇಜು ಅದು. ಬಂದ ಕೂಡಲೇ ಉತ್ತರ ಕೊಡಿ, ಇಲ್ಲದಿದ್ದರೆ ನಿಮ್ಮನ್ನು ಹುಡುಕುತ್ತ ಯಾರೋ ಕೂತಿರುತ್ತಾರೆ.

ಭಾರತ ಏಪೆಕ್‌ನಲ್ಲಿಲ್ಲ. ವಿಮಾನ ನಿಲ್ದಾಣದಲ್ಲಿ ಏಪೆಕ್ ಕಾರ್ಡಿನ ಸಾಲು ಖಾಲಿ ಕಂಡರೂ ಅಲ್ಲಿ ನಿಲ್ಲಬೇಡಿ, ಅದು ನಮ್ಮ ಪಾಸ್‌ಪೋರ್ಟಿಗಲ್ಲ. ನಮಗೆ ಆಗಿಬರುವುದು ಭಾರತ-ಜಪಾನ್ ನಡುವಿನ ಒಪ್ಪಂದಗಳು. 2016ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತೆಯ ಒಪ್ಪಂದ ನೆನಪಿರಲಿ. ಇಲ್ಲಿನ ಕಂಪನಿ ನಿಮ್ಮನ್ನು ಐದು ವರ್ಷದೊಳಗಿನ ಕೆಲಸಕ್ಕೆ ಕಳಿಸುತ್ತಿದ್ದರೆ ಇಲ್ಲೇ ಪಿಎಫ್ ಕಟ್ಟುತ್ತಿದ್ದೀರಿ ಅನ್ನುವ ಪಿಎಫ್ ಕಚೇರಿಯ ಸರ್ಟಿಫಿಕೇಟ್ ಮಾಡಿಸಿಕೊಂಡೇ ಹೊರಡಿ. ಅದಿದ್ದರೆ ಅಲ್ಲಿ ಪಿಂಚಣಿ ಕಟ್ಟಬೇಕಿಲ್ಲ. ಅಲ್ಲಿನ ಕಂಪನಿಯೇ ನೇರವಾಗಿ ತೆಗೆದುಕೊಂಡಿದ್ದರೆ ಕಟ್ಟಬೇಕು.

ಇನ್ನು ಆ ಅವ್ವನಿಗೆ. ದೊಡ್ಡ ಭೂಕಂಪವಾದಾಗ ಫೋನು ಹತ್ತುವುದಿಲ್ಲ, ನೀವು ಮತ್ತೆ ಮತ್ತೆ ಹಚ್ಚಿದಷ್ಟೂ ಲೈನು ಕಟ್ಟಿಕೊಳ್ಳುತ್ತದೆ. ಜಪಾನಿನಲ್ಲಿ ‘ವೆಬ್ 171’ ಅಂತ ಇಂಟರ್ನೆಟ್ಟಿನಲ್ಲಿ ಸಂದೇಶ ಬರೆದಿಡುವ ಒಂದು ಫಲಕ ಇದೆ. ಮಗ ತನ್ನ ನಂಬರಿನ ಕೆಳಗೆ ನಾಲ್ಕು ಮಾತು ಬರೆದಿಟ್ಟರೆ, ಯಾದಗಿರಿಯಲ್ಲಿ ಕೂತು ಅದೇ ನಂಬರ್ ಹಾಕಿ ಓದಬಹುದು. ಇಂಗ್ಲಿಷಿನಲ್ಲೂ ಇದೆ. ಪ್ರತಿ ತಿಂಗಳು 1 ಮತ್ತು 15ನೇ ತಾರೀಖು ಯಾರು ಬೇಕಾದರೂ ಅಭ್ಯಾಸ ಮಾಡಬಹುದು. ಮಗ ಹೋದ ಮೇಲೆ ಬರುವ ಮೊದಲ 1ನೇ ತಾರೀಖು, ಮಗಳನ್ನೋ ಸೊಸೆಯನ್ನೋ ಪಕ್ಕಕ್ಕೆ ಕೂಡಿಸಿಕೊಂಡು ಒಮ್ಮೆ ತೆಗೆದು ನೋಡಿ ಅವ್ವಾ. “ರೊಟ್ಟಿ ಮುಗಿದವು” ಅಂತ ಬರೆದಿದ್ದರೆ ನಗಬೇಡಿ, ಕಳಿಸಿ.